ಅಪ್ಪನ ಕೋಟು

ವಕೀಲರ ಕಚೇರಿಯ ಬೆಂಚಿನ ಮೇಲೆ ಒಬ್ಬ ಹುಡುಗಿ ಪುಸ್ತಕದಲ್ಲಿ ಮುಖ ಹುದುಗಿಸಿ ಕೂತಿದ್ದಳು. ಕಿವಿ ಮಾತ್ರ ಪಕ್ಕದಲ್ಲಿದ್ದ ದರ್ಜಿ ಮತ್ತು ಅವನ ಅಕ್ಕನ ಕಡೆಗಿತ್ತು. ದರ್ಜಿ ಕೊರಳಿನ ಅಳತೆಪಟ್ಟಿ ತೆಗೆಯುವುದನ್ನೂ ಮರೆತು ಬಂದಿದ್ದ.

“ಆ ಗಿರಾಕಿ ಹೆಂಗಸಿಗೆ ನೀನು ಚೀಟಿ ಕೊಟ್ಟಿಲ್ಲ ತಾನೇ? ಒಪ್ಪಂದವೇ ಆಗಿಲ್ಲ ಅಂದುಬಿಡು.”

“ಅವಳು ಕೋಟು ಕೊಟ್ಟಳು, ನಾನು ಅಳತೆ ತಗೊಂಡು ‘ಆಗಲಮ್ಮ’ ಅಂದೆ. ಬಾಯಿಮಾತಲ್ಲೂ ಒಪ್ಪಂದ ಆಗುತ್ತಂತೆ ಅಕ್ಕ.”

“ಸರಿ, ಹೊಸದು ಹೊಲಿದುಕೊಡು. ನಷ್ಟ ತುಂಬಿಕೊಟ್ಟ ಹಾಗಾಯಿತು.”

“ಅದು ತೀರಿಹೋದ ಅವಳಪ್ಪನ ಕೋಟು. ತನ್ನ ಮೈಗೆ ಸರಿಮಾಡಿ ಅಂದಿದ್ದಳು. ನಾನು ಹರಟೆ ಹೊಡೀತಾ ಇನ್ಯಾರದೋ ಮಗುವಿನ ಅಳತೆಗೆ ಕತ್ತರಿ ಹಾಕಿಬಿಟ್ಟೆ.”

“ನಿನ್ನ ಬಾಯಿಗೇ ಮೊದಲು ಹೊಲಿಗೆ ಹಾಕಬೇಕು ಕಣೋ! ಅವಳಿಗೆ ಏನಂದೆ?”

ಅವನ ದನಿ ಕುಗ್ಗಿತು. “ಕಳ್ಳತನ ಆಯ್ತು ಅಂದೆ.”

“ಅಯ್ಯೋ!”

“ಕಳ್ಳ ಸಿಕ್ಕನಾ ಅಂತ ದಿನಾ ಬಂದು ಕೇಳ್ತಾಳೆ. ಮುಖ ಎತ್ತೋಕಾಗಲ್ಲ ಅಕ್ಕ.”

“ತುಂಡುಗಳು ಎಲ್ಲಿವೆ?”

ಅವನು ಮಡಿಲಿನ ಚೀಲವನ್ನು ಇನ್ನಷ್ಟು ಅವಚಿಕೊಂಡ.

ಅಷ್ಟರಲ್ಲಿ ವಕೀಲರು ಒಳಗೆ ಕರೆದರು. ಅಕ್ಕ ಚೀಲ ಕಿತ್ತುಕೊಂಡು ಎದ್ದಳು.

“ವಕೀಲರು ಆಮೇಲೆ. ಅವಳ ಮನೆ ತೋರಿಸು, ನಡಿ.”

ಅಕ್ಕ ಬೀದಿಗಿಳಿದಳು. ದರ್ಜಿ ಅಳತೆಪಟ್ಟಿಯನ್ನು ಜೇಬಿಗೆ ತುರುಕಿಕೊಂಡು, ತಲೆ ತಗ್ಗಿಸಿ ಹಿಂದೆಯೇ ಹೋದ.