ಟೈಲರಕ್ಕನ ವಿಡಿಯೊ

ಹಲೋ... ಯಾರು ಮಾತಾಡ್ತಿರೋದು? ನನ್ನ ಗಂಡನ ಫೋನು ನಿಮ್ಮ ಕೈಲಿ ಹೇಗೆ?

... ಓಹ್, ವಿಡಿಯೊ ಎಡಿಟ್ ಮಾಡೋರಾ. ಮೀಟಿಂಗಲ್ಲಿದ್ರೆ ಇರ್ಲಿ, ಎದ್ದು ಬರೋಕೆ ಹೇಳಿ. ಹೆಂಡ್ತಿ ಅಂತ ಹೇಳಿ.

... ಹಾಂ, ನಾನೇ. ಊಟ ಆಯ್ತಾ ಅಂತೆಲ್ಲ ಕೇಳ್ಬೇಡ. ನಿನ್ನ ಚಾನೆಲ್ಲಲ್ಲಿ ಟೈಲರಕ್ಕನ ವಿಡಿಯೊ ಹಾಕಿದೀಯಲ್ಲ, ಯಾರನ್ನ ಕೇಳಿ ಹಾಕ್ದೆ?

... ಯಾವ ಟೈಲರಕ್ಕನಾ? ನಾವು ಬಾಡಿಗೆಗಿರೋ ಮನೆ ಕೆಳಗಡೆ ಎಷ್ಟು ಜನ ಟೈಲರಕ್ಕಂದಿರಿದ್ದಾರೆ?

... ಮುಖ ಮಸುಕು ಮಾಡಿದ್ರೆ ಮುಗೀತಾ? ಆ ದನಿ? ಆ ಮುರುಕು ಕಿಟಕಿ? ಆ ಮಷಿನ್ನಿನ ಕಿರ್‌ಕಿರ್? ಬೀದಿಗೆ ಬೀದಿನೇ ಗುರುತು ಹಿಡೀತು ಕಣೋ. ಬೆಳಿಗ್ಗೆಯಿಂದ ಅಂಗಡಿಗೆ ಬರೋರೆಲ್ಲ ಅಳತೆ ಕೊಡೋಕಲ್ಲ, ಅಕ್ಕನ ಮುಖ ನೋಡೋಕೆ ಬರ್ತಿದಾರೆ.

... ಒಳ್ಳೇ ಉದ್ದೇಶನಾ? ಅಕ್ಕನ ಗಂಡ ಅಕ್ಕನ ಒಡಹುಟ್ಟಿದ ತಂಗಿ ಜೊತೆನೇ ಸಂಸಾರ ಹೂಡಿದಾನೆ ಅನ್ನೋದನ್ನ ಅವರು ತಮ್ಮ ಹೆತ್ತ ತಾಯಿಗೂ ಹೇಳಿರ್ಲಿಲ್ಲ. ಒಳಕೋಣೆಲಿ ಹಾಸಿಗೆ ಹಿಡಿದಿರೋ ಆ ಅಜ್ಜಿಗೆ, ಕಿರಿಮಗಳು ದೂರದೂರಲ್ಲಿ ನರ್ಸು ಅಂತ ನಂಬಿಸಿಟ್ಟಿದ್ರು. ಇವತ್ತು ಪಕ್ಕದ್ಮನೆಯವಳು ಫೋನ್ ಹಿಡ್ಕೊಂಡು ಬಂದು ಅಜ್ಜಿಗೇ ತೋರಿಸಿಬಿಟ್ಲು.

... ಇಲ್ಲ, ಅಳ್ಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದೋರು, ಒಂದು ಗುಟುಕು ನೀರೂ ಮುಟ್ಟಿಲ್ಲ.

... ಶೂಟ್ ಮಾಡಿದ ದಿನ ನಾನೂ ಅಲ್ಲೇ ಇದ್ದೆ ಅಂತೀಯಾ? ಇದ್ದೆ. ನಮ್ಮ ಕಿಟಕಿಗೆ ಪರದೆ ಹೊಲಿಸೋಕೆ ಕೂತಿದ್ದೆ. 'ಬರೀ ಬೆಳಕು ನೋಡ್ತಿದೀನಿ, ಕ್ಯಾಮೆರಾ ಆಫಾಗಿದೆ' ಅಂದೋನು ನೀನು. 'ತಂಗಿ ಯಾಕೆ ಬರಲ್ಲ ಅಂತ ಕೇಳು, ನೀನು ಕೇಳಿದ್ರೆ ಹೇಳ್ತಾರೆ' ಅಂತ ನನ್ನ ಕಳಿಸ್ದೋನೂ ನೀನೇ. ನಾನು ಪೆದ್ದಿ, ನಿಂಗೆ ನೆರೆಹೊರೆ ಮೇಲೆ ಅಕ್ಕರೆ ಹುಟ್ತು ಅಂದ್ಕೊಂಡೆ. ಅವರ ಬಾಯಿ ಬಿಡಿಸೋಕೆ ನನ್ನೇ ಗಾಳ ಮಾಡ್ಕೊಂಡ್ಯಲ್ಲೋ!

... ಹಾಂ? ಏನಂದೆ? ಇನ್ನೊಂದ್ಸಲ ಹೇಳು.

... ಮನೆ ಬಿಡ್ತೀವಿ ಅಂತ ಓನರಿಗೆ ಹೇಳಿಬಿಟ್ಟಿದೀಯಾ? ಯಾವಾಗ?... ವಿಡಿಯೊ ಹಾಕೋಕೂ ಮುಂಚೆನಾ? ಅಂದ್ರೆ ಹೀಗಾಗುತ್ತೆ ಅಂತ ನಿಂಗೆ ಗೊತ್ತಿತ್ತು.

... ಇಲ್ಲ, ಈ ಸಲ ನಾನು ಪೆಟ್ಟಿಗೆ ಕಟ್ಟಲ್ಲ. ಮದುವೆಯಾದಾಗಿಂದ ಊರಿಂದೂರಿಗೆ ನಿನ್ನ ಹಿಂದೆ ಅಲೆದೆ. 'ಇಲ್ಲಿ ನೆಲೆ ನಿಲ್ಲೋಣ' ಅಂತ ನೀನೇ ಅಂದೆ, ನಂಬಿದೆ. ಇಲ್ಲಿ ಒಂದಿನ ಕಾಣದಿದ್ರೆ ತರಕಾರಿಯವಳು 'ಹುಷಾರಿಲ್ವಾ' ಅಂತಾಳೆ. ಬಸ್ ಕಂಡಕ್ಟರಿಗೆ ನಾನೆಲ್ಲಿ ಇಳೀತೀನಿ ಅಂತ ಗೊತ್ತು, ಕೇಳೋದೇ ಇಲ್ಲ. ನಂಗೆ ಇದು ಬದುಕು ಕಣೋ. ನಿಂಗೆ ಬರೀ ಶೂಟಿಂಗ್ ಜಾಗ, ಅಲ್ವಾ?... ಅಲ್ವಾ?

... ಸಾರಿ ಹೇಳ್ಬೇಕಾದ್ದು ನಂಗಲ್ಲ... ತಾಳು, ಮೆಟ್ಟಿಲ ಮೇಲೆ ಯಾರೋ ಬಂದ್ರು.

... ಬನ್ನಿ ಅಕ್ಕ, ಬಾಗಿಲು ತೆಗೆದೇ ಇದೆ... ಹ್ಞೂಂ, ಲೈನಲ್ಲಿರೋದು ಅವನೇ... ನಂಗೆ ಗೊತ್ತಿರ್ಲಿಲ್ಲ ಅಕ್ಕ. ನಂಬಿ ಅಂತ ಹೇಳೋಕೆ ನಂಗೆ ಮುಖ ಇಲ್ಲ... ಮಾತಾಡ್ತೀರಾ?

... ಕೇಳಿಸ್ತಾ? ಟೈಲರಕ್ಕ ಬಂದಿದಾರೆ, ಫೋನ್ ಕೊಡ್ತೀನಿ. ಏನು ಹೇಳ್ತೀಯೋ ಅವರಿಗೇ ಹೇಳು.

... ಹಲೋ?... ಹಲೋ?...

ಇಟ್ಟುಬಿಟ್ಟ, ಅಕ್ಕ.