ದಾನಮ್ಮನ ಹೆಸರು ಅಳಿಸಿದ ಸಂಜೆ

ಮೆಲ್ಲಗೆ ಹೇಳ್ತೀನಿ, ಮಕ್ಕಳು ಮಲಗಿವೆ... ನಮ್ಮ ಚಿಕ್ಕಮ್ಮನ ಮಗಳು ಚೈತ್ರಂಗೆ ಆಗಿದ್ದು ಇದು. ಆಫೀಸು ಮುಗಿಸಿ ಗೋವಿಂದರಾಜನಗರದಲ್ಲಿ ನಡ್ಕೊಂಡು ಬರ್ತಿದ್ಲು. ಕತ್ತಲಾಗಿತ್ತು. ಪಾರ್ಕಿನ ಮೂಲೇಲಿ ಚಪ್ಪಡಿ ಮುಚ್ಚಿರೋ ಹಳೇ ಬಾವಿ ಇದೆಯಲ್ಲ, ಅದರೊಳಗಿಂದ ಸದ್ದು. ಟಕ್... ಟಕ್ ಟಕ್... ಟಕ್. ನೀರಿನದ್ದಲ್ಲ. ಕೀಬೋರ್ಡಿಂದು.

ಅವಳು ಅಲ್ಲೇ ನಿಂತು ಕಿವಿಗೊಟ್ಲು. ಎರಡೇ ಬೆರಳಲ್ಲಿ ಹಾಗೆ ಕುಟ್ತಾ ಇದ್ದೋರು ಅವಳ ಆಫೀಸಿನ ಹಿರಿಯರು, ದೇವೇಂದ್ರಪ್ಪ. ಹೋದ ವರ್ಷ ತೀರ್ಕೊಂಡಿದ್ರು.

ವಿಜಯನಗರದ ಒಂದು ಡಯಾಲಿಸಿಸ್ ಸೆಂಟರಿಗೆ ವೆಬ್‌ಸೈಟ್ ಬರೆದಿದ್ದು ಅವರೇ. ಯಾವ ರೋಗಿಗೆ ಯಾವತ್ತು ಬೆಡ್ಡು ಅಂತ ಅದೇ ಹೇಳ್ಬೇಕು. ಹಳೇದಾಗಿತ್ತು. ಪರದೆ ಮೇಲೆ ಕಾಣೋದು, ಒಳಗೆ ಲೆಕ್ಕ ಹಾಕೋದು, ಎರಡೂ ಒಂದೇ ಫೈಲಲ್ಲಿ ಹೆಣ್ಕೊಂಡಿದ್ವು. ಬಣ್ಣ ಬದಲಾಯಿಸಿದ್ರೆ ಬೆಡ್ಡೇ ಅದಲುಬದಲಾಗೋದು. ಕಾಣೋದನ್ನ ಒಂದು ಕಡೆ, ಲೆಕ್ಕಾನ ಒಂದು ಕಡೆ ಬಿಡಿಸಿಡೋ ಕೆಲಸ ಚೈತ್ರಂದು.

ಬಿಡಿಸ್ತಾ ಬಿಡಿಸ್ತಾ ಒಂದು ಹೆಸರು ಸಿಕ್ತು. ದಾನಮ್ಮ. ಪ್ರತಿ ಮಂಗಳವಾರ ಬೆಳಗ್ಗೆ ಪರದೆ ಕೊನೇಲಿ ಬರುತ್ತೆ. ಲೆಕ್ಕದಲ್ಲಿ ಅಂಥ ರೋಗಿನೇ ಇಲ್ಲ. ಸೆಂಟರಿನ ನರ್ಸ್ ಜ್ಯೋತಿಲಕ್ಷ್ಮಿನ ಕೇಳಿದ್ಲು. ದೇವೇಂದ್ರಪ್ಪನ ಹೆಂಡ್ತಿ, ಎಷ್ಟೋ ವರ್ಷದ ಹಿಂದೆ ಇಲ್ಲೇ ತೀರ್ಕೊಂಡ್ರು ಅಂದ್ರು. ಆಮೇಲೂ ದೇವೇಂದ್ರಪ್ಪ ಮಂಗಳವಾರ ಬಂದು, ಪರದೆ ನೋಡ್ಕೊಂಡು ಹೋಗ್ತಿದ್ರಂತೆ.

ಚೈತ್ರ ಅತ್ತುಬಿಟ್ಲು. ಆದ್ರೆ ಎರಡೂ ಬಿಡಿಸಿಟ್ಟ ಮೇಲೆ ಆ ಹೆಸರಿಡೋಕೆ ಈ ಕಡೆ ಜಾಗ ಇಲ್ಲ, ಆ ಕಡೇನೂ ಇಲ್ಲ. ಅದನ್ನ ಅಳಿಸಿಯೇ ಆ ಸಂಜೆ ಆಫೀಸಿಂದ ಹೊರಟಿದ್ಲು.

ಬಾವಿ ಹತ್ರ ಸದ್ದು ನಿಂತ್ಹೋಯ್ತು. ಕಿವಿ ಪಕ್ಕದಲ್ಲೇ ಪಿಸುದನಿ...

"ಅವಳನ್ನ ಎಲ್ಲಿಟ್ಟೆ ಕಣಮ್ಮ?"

"ತೆಗ್ದುಬಿಟ್ಟೆ ಸಾರ್..."

ಯಾರೋ ಉಸಿರು ಒಳಗೆ ಎಳ್ಕೊಂಡ್ರು. ಬಿಟ್ಟಿದ್ದು ಕೇಳಿಸ್ಲೇ ಇಲ್ಲ. ಬೈಲಿಲ್ಲ, ಹೆದರಿಸ್ಲಿಲ್ಲ. ಅದನ್ನೇ ಅವಳಿಗೆ ತಡೆಯೋಕಾಗ್ಲಿಲ್ಲ.

ಆಫೀಸಿಗೇ ವಾಪಸ್ ಓಡಿದ್ಲು. ಹೆಸರು ಮತ್ತೆ ಹಾಕಿದ್ಲು. ಎಷ್ಟು ಸಲ ಹಾಕಿದ್ರೂ ಮಂಗಳವಾರದ ಪಟ್ಟೀಲಿ ಬರ್ಲಿಲ್ಲ. ಅಳಿಸೋ ಮುಂಚಿನ ಹಳೇ ಫೈಲನ್ನೇ ತೆಗೆದು ನೋಡಿದ್ಲು... ಅದರಲ್ಲೂ ಬರ್ಲಿಲ್ಲ.

ಮಂಗಳವಾರ ಬೆಳಗ್ಗೆ ಸೆಂಟರಿಗೇ ಹೋದ್ಲು. ರೋಗಿಗಳು ಇನ್ನೂ ಬಂದಿರ್ಲಿಲ್ಲ. ಅವರನ್ನ ಬೆಡ್ಡಿಗೆ ಹಾಕೋ ಮುಂಚೆ ತೂಕ ನೋಡೋ ಮಿಷನ್ ಒಂದಿದೆ. ಜ್ಯೋತಿಲಕ್ಷ್ಮಿ ಅದರ ಕಡೆ ಕೈ ತೋರಿಸಿದ್ರು. ಮೇಲೆ ಯಾರೂ ನಿಂತಿರ್ಲಿಲ್ಲ. ಮೂವತ್ತೆಂಟು ಕೆಜಿ ತೋರಿಸ್ತಿತ್ತು. ದಾನಮ್ಮನ ಕೊನೇ ತೂಕ ಅಷ್ಟೇ ಇತ್ತು ಅಂದ್ರು ಜ್ಯೋತಿಲಕ್ಷ್ಮಿ. ಇಬ್ರೂ ನೋಡ್ತಾ ಇದ್ದ ಹಾಗೇ ಸೊನ್ನೆಗೆ ಬಂತು.

ಚೈತ್ರ ಸುಳ್ಳು ಹೇಳೋಳಲ್ಲ. ಇದು ನಡೆದಿದ್ದು. ನಾನೇ ಹೋಗಿ ಆ ಮಿಷನ್ ಮೇಲೆ ನಿಂತು ನೋಡಿದೀನಿ... ಸರಿಯಾಗೇ ಇದೆ.