ತಮ್ಮ ಬಿಟ್ಟುಹೋದ ದೀರ್ಘ

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಗ್ರಂಥಾಲಯದಲ್ಲಿ ನನ್ನ ಗದರಿಕೆಗೆ ಹೆದರಿ ಕೂತು, ಇವತ್ತು ಸೇಡು ತೀರಿಸಿಕೊಳ್ಳುವವರಂತೆ ಜೋರಾಗಿ ಹರಟುತ್ತಿರುವ ಸಭಿಕರೇ,

ನಮ್ಮ ಓದುವ ಕೋಣೆಗೆ ಯುದ್ಧದಲ್ಲಿ ಮಡಿದ ನನ್ನ ತಮ್ಮನ ಹೆಸರಿಡುತ್ತಿದ್ದೀರಿ. ಪುಸ್ತಕವನ್ನು ತಲೆದಿಂಬಾಗಿ ಮಾತ್ರ ಬಳಸಿದವನ ಹೆಸರು ಓದುವ ಕೋಣೆಗೆ! ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದ.

ಸೈನ್ಯ ಸೇರುವ ಮೊದಲು ಅವನು ಬೋರ್ಡು ಬರೆಯುತ್ತಿದ್ದ. ಅಕ್ಷರ ಮುತ್ತಿನಂತೆ, ಕಾಗುಣಿತ ಮಾತ್ರ ದೇವರಿಗೇ ಪ್ರೀತಿ. ಸೈನ್ಯಕ್ಕೆ ಹೊರಟು ನಿಂತವನ ಕೈಗೆ ನಾನೇ ಬಣ್ಣದ ಡಬ್ಬಿ ಕೊಟ್ಟು, ಈ ಕೋಣೆಗೆ ‘ಇಲ್ಲಿ ಮಾತಾಡಬಾರದು’ ಎಂದು ಬೋರ್ಡು ಬರೆಸಿದೆ. ಮಹಾಶಯ ‘ಬ’ಕ್ಕೆ ದೀರ್ಘ ಹಾಕುವುದನ್ನೇ ಮರೆತ. ‘ಇಲ್ಲಿ ಮಾತಾಡಬರದು’ ಎಂದಾಯಿತು.

ಆಮೇಲೆ ನನ್ನ ಪಾಡು ಯಾರಿಗೂ ಬೇಡ. ಪೋಸ್ಟ್‌ಮ್ಯಾನ್ ಕೈಸನ್ನೆಯಲ್ಲಿ ಸಹಿ ಕೇಳಿದರು. ಹೊರಗೆ ಹೋಗಿ ಎಲ್ಲರಿಗೂ, "ಪಾಪ, ಇಲ್ಲಿ ಯಾರಿಗೂ ಮಾತು ಬರಲ್ವಂತೆ" ಅಂದರು. ಗೋಳು ಹೇಳಿಕೊಂಡರೆ ಇದೇ ಅಧ್ಯಕ್ಷರು, "ನಿಮಗೆ ಬರುತ್ತಲ್ಲಮ್ಮ, ಊರಿಗೆಲ್ಲ ಕೇಳೋ ಹಾಗೆ" ಅಂದರು. ಮರೆತಿಲ್ಲ ಸ್ವಾಮಿ.

ತಮ್ಮನಿಗೆ ಫೋನಿನಲ್ಲೇ ಬೈದೆ. "ಒಂದು ದೀರ್ಘ ತಾನೇ ಅಕ್ಕಾ? ರಜೆಗೆ ಬಂದಾಗ ಹಾಕ್ಕೊಡ್ತೀನಿ, ಡಬ್ಬಿ ಮುಚ್ಚಿಡು" ಅಂದ. ರಜೆಗೆ ಬಂದ, ತಿಂದ, ಮಲಗಿದ, "ಮುಂದಿನ ಸಲ" ಅಂದ. ಮುಂದಿನ ಸಲ ಬರಲೇ ಇಲ್ಲ. ಆಯುಷ್ಯಕ್ಕೂ ದೀರ್ಘ ಹಾಕಿಕೊಳ್ಳದೆ ಹೋದ, ಪುಣ್ಯಾತ್ಮ. ಡಬ್ಬಿಯಲ್ಲಿ ಬಣ್ಣ ಒಣಗಿ ಕಲ್ಲಾಗಿದೆ. ಎಸೆಯಲು ನನಗೆ ಮನಸ್ಸಿಲ್ಲ.

ಈಗ ಅಧ್ಯಕ್ಷರು ಹಿತ್ತಾಳೆ ಅಕ್ಷರದ, ‘ಇಲ್ಲಿ ಮಾತಾಡಬಾರದು’ ಎಂಬ ತಪ್ಪಿಲ್ಲದ ಹೊಸ ಬೋರ್ಡು ಮಾಡಿಸಿದ್ದಾರೆ. ಹಳೆಯದನ್ನು ನಾಳೆ ಇಳಿಸುತ್ತಾರಂತೆ. ಅಧ್ಯಕ್ಷರೇ, ಹೊಸದನ್ನು ಬೇಕಾದರೆ ನಿಮ್ಮ ಮನೆಯ ಊಟದ ಕೋಣೆಗೆ ಹಾಕಿಕೊಳ್ಳಿ, ನಿಮ್ಮ ಮನೆಯವರು ಹರಸಿಯಾರು. ಹಳೆಯದನ್ನು ಮಾತ್ರ ಮುಟ್ಟಬೇಡಿ. ಅವನು ಬರೆದ ಅಂಗಡಿ ಬೋರ್ಡುಗಳೆಲ್ಲ ಬದಲಾಗಿ ಹೋಗಿವೆ. ಅವನ ಕೈಯಕ್ಷರ ಉಳಿದಿರುವುದು ಇಲ್ಲೊಂದೇ ಕಡೆ.

ತಪ್ಪು ಬೋರ್ಡು ಕಂಡು ಜನ ನಗುತ್ತಾರೆ ಅನ್ನುತ್ತೀರಾ? ನಗಲಿ, ಅವನಿಗೂ ಅದೇ ಇಷ್ಟ. ಇಷ್ಟಕ್ಕೂ ಅದು ತಪ್ಪೇ? ನಿನ್ನೆ ಈ ಭಾಷಣವನ್ನು ಅಭ್ಯಾಸ ಮಾಡೋಣವೆಂದು ಆ ಬಾಗಿಲ ಮುಂದೆ ನಿಂತೆ. ‘ನನ್ನ ತಮ್ಮ’ ಎಂದೆ, ಅಷ್ಟೇ. ಊರಿಗೆಲ್ಲ ಕೇಳುವ ಈ ಗಂಟಲಿನಿಂದ ಮುಂದೆ ಒಂದು ಮಾತೂ ಹೊರಡಲಿಲ್ಲ. ತಲೆಯೆತ್ತಿ ಬೋರ್ಡು ನೋಡಿದೆ. ಹುಡುಗ ಸರಿಯಾಗಿಯೇ ಬರೆದಿದ್ದಾನೆ.

ಇಷ್ಟು ಹೊತ್ತು ಹರಟೆ ನಿಲ್ಲಿಸಿ ಕೇಳಿದ ನಿಮಗೆಲ್ಲ ಅಕ್ಕ ತಮ್ಮ ಇಬ್ಬರದೂ ನಮಸ್ಕಾರ.